ಮಂಡ್ಯದ ನಮ್ಮ ಸರ್ಕಾರಿ ಶಾಲೆಯ ಇಂಗ್ಲಿಷ್ ಕ್ಲಾಸು, ಶನಿವಾರದ ಅಮ್ಮಂದಿರ ಕ್ಲಾಸು: ಒಂದೂವರೆ ವರ್ಷದ ಅನುಭವ

ನಮ್ಮ ಮಗಳು ಈಗ ಮೂರನೇ ಕ್ಲಾಸು. ಮಂಡ್ಯದಲ್ಲಿ ನೂರಡಿ ರಸ್ತೆಯಿಂದ ಒಳಗಡೆ ಇರೋ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗ್ತಾಳೆ, ಎರಡನೇ ಕ್ಲಾಸಿಗೆ ಅಲ್ಲಿ ಸೇರಿಸಿದ್ದು, ಒಂದೂವರೆ ವರ್ಷ ಆಗ್ತಾ ಬಂತು. ಆ ಶಾಲೇಲಿ ಮಕ್ಕಳಿಗೆ ಇಂಗ್ಲಿಷ್ ಹೆಂಗೆ ಕಲಿಸ್ತಾರೆ, ಇಂಗ್ಲಿಷ್ ಬರದ ನಮ್ಮಂಥ ಮನೆಯವರಿಗೆ ಏನು ಸಹಾಯ ಮಾಡ್ತಾರೆ ಅಂತ ಬರೀತಾ ಇದ್ದೀನಿ. ಶಾಲೆ ಹೆಸರು ಮೇಡಂ ಹೆಸರು ಎರಡೂ ಹಾಕ್ತಿಲ್ಲ, ಹಾಕಬೇಡಮ್ಮ ಅಂತ ಮೇಡಮ್ಮೇ ಕೇಳ್ಕೊಂಡ್ರು. ಹೆಸರು ಇಲ್ದಿದ್ರೂ ನಿಮ್ಮ ಹತ್ರದ ಶಾಲೆಗೆ ಹೋದಾಗ ಏನು ನೋಡ್ಬೇಕು ಏನು ಕೇಳ್ಬೇಕು ಅನ್ನೋದು ಗೊತ್ತಾದ್ರೆ ಸಾಕು ನನಗೆ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಯಾಕೆ ಕಮ್ಮಿ ಅಂತ ಆಮೇಲೆ ಹೇಳ್ತೀನಿ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿರೋದು, ಕನ್ನಡ ಮೀಡಿಯಂ, ತವರು ಕೆರಗೋಡು ಕಡೆ. ಮನೇಲೇ ಬ್ಲೌಸ್ ಹೊಲೀತೀನಿ, ಫಾಲ್ ಪೀಕೋ ಮಾಡ್ಕೊಡ್ತೀನಿ. ನಮ್ಮ ಮನೆಯವ್ರು ಗೂಡ್ಸ್ ಆಟೋ ಓಡಿಸ್ತಾರೆ. ಅತ್ತೆ ನಮ್ಮ ಜೊತೇಲೇ ಇದ್ದಾರೆ, ಅವರಿಗೆ ಓದು ಬರಹ ಇಲ್ಲ. ಇಷ್ಟು ಯಾಕೆ ಹೇಳ್ತಿದ್ದೀನಿ ಅಂದ್ರೆ ನಮ್ಮ ಮನೇಲಿ ಮಗೂಗೆ ಇಂಗ್ಲಿಷ್ ಹೇಳಿಕೊಡೋರು ಒಬ್ಬರೂ ಇಲ್ಲ, ಮಗು ಕಲಿತ್ರೆ ಶಾಲೇಲೇ ಕಲೀಬೇಕು.

ಮೊದಲು ಎಲ್ಲರ ಥರ ನಾವೂ ಸಾಲ ಸೋಲ ಮಾಡಿ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ವಿ. ಎಲ್ಕೆಜಿ, ಯುಕೆಜಿ, ಒಂದನೇ ಕ್ಲಾಸು, ಮೂರು ವರ್ಷ. ಆ ಶಾಲೆ ಹೆಸರೂ ಬೇಡ. ಅಲ್ಲಿ ಕ್ಲಾಸಲ್ಲಿ ಕನ್ನಡ ಮಾತಾಡಂಗಿಲ್ಲ ಅಂತ ರೂಲು. ಮನೇಲಿ ಬೆಳಗ್ಗೆ ಎದ್ರೆ ರಾತ್ರಿ ಮಲಗೋವರೆಗೂ ವಟವಟ ಅಂತಿದ್ದ ಕೂಸು ಆ ಗೇಟು ದಾಟಿದ್ರೆ ಬಾಯಿಗೆ ಬೀಗ ಹಾಕ್ಕೊಳ್ತಿತ್ತು. ಒಂದು ದಿನ ಡೈರೀಲಿ ಏನೋ ಇಂಗ್ಲಿಷಲ್ಲಿ ಬರ್ದು ಕಳಿಸಿದ್ರು, ನಂಗೆ ಓದಕ್ಕೆ ಬಂತು ಆದ್ರೆ ಅರ್ಥ ಆಗ್ಲಿಲ್ಲ, ಬೀದಿ ಕೊನೇಲಿರೋ ಮೆಡಿಕಲ್ ಸ್ಟೋರ್ ಹುಡುಗನ ಹತ್ರ ಓದಿಸ್ದೆ. ನಿಮ್ಮ ಮಗು ಕ್ಲಾಸಲ್ಲಿ ಏನು ಕೇಳಿದ್ರೂ ಉತ್ತರ ಕೊಡಲ್ಲ, ಡಾಕ್ಟರಿಗೆ ತೋರಿಸಿ ಅಂತ ಇತ್ತು. ಅಲ್ಲಿದ್ದ ನಾಲ್ಕು ಜನದ ಮುಂದೆ ಅವನು ಅದನ್ನ ಓದಿ ಹೇಳಿದ್ದು ನನಗೆ ಇವತ್ತಿಗೂ ಮರೆಯಕ್ಕಾಗಿಲ್ಲ. ಇನ್ನೊಂದು ಸಲ ಯೂನಿಫಾರಂ ಒದ್ದೆ ಮಾಡ್ಕೊಂಡು ಬಂದ್ಳು. ಒಂದಕ್ಕೆ ಹೋಗ್ಬೇಕು ಅಂತ ಇಂಗ್ಲಿಷಲ್ಲಿ ಕೇಳೋದು ಆ ಹೊತ್ತಿಗೆ ನೆನಪಾಗ್ಲಿಲ್ವಂತೆ, ಕನ್ನಡದಲ್ಲಿ ಕೇಳಿದ್ರೆ ಬೈತಾರೆ ಅಂತ ಸುಮ್ನೆ ಕೂತಿದ್ಳಂತೆ. ಆ ರಾತ್ರಿ ಅತ್ತೆ ಅಂದ್ರು, ಮಗೀಗೆ ಕಾಯ್ಲೆ ಇಲ್ಲ ಕಣವ್ವ, ಹೆದ್ರಿಕೆ ಐತೆ ಅಷ್ಟೆ, ಅಲ್ಲಿಂದ ಬುಡ್ಸು ಅಂತ.

ಸರ್ಕಾರಿ ಶಾಲೆಗೆ ಹಾಕಿದ್ರೆ ಇಂಗ್ಲಿಷ್ ಬರಲ್ಲ ಅನ್ನೋ ಭಯ ನನಗೂ ಇತ್ತು. ಆದ್ರೆ ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೇಲೂ 2007-08ರಿಂದ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಒಂದು ವಿಷಯ ಆಗಿ ಇದೆ, ಆಮೇಲೆ 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿದ್ರು, ಅದಾದ ಮೇಲೂ ಇನ್ನಷ್ಟು ಶಾಲೆಗೆ ಕೊಟ್ರು. ನಮ್ಮ ಶಾಲೇಲೂ ಆ ವಿಭಾಗ ಇದೆ, ದ್ವಿಭಾಷಾ ತರಗತಿ ಅಂತಾರೆ. ಗಣಿತ, ಪರಿಸರ ಅಧ್ಯಯನದ ಪುಸ್ತಕದಲ್ಲಿ ಒಂದು ಕಡೆ ಇಂಗ್ಲಿಷು ಒಂದು ಕಡೆ ಕನ್ನಡ ಇರುತ್ತೆ. ಮೊದಲ ದಿನ ಆ ಪುಸ್ತಕ ಕೈಗೆ ಬಂದಾಗ ನಾನು ರಾತ್ರಿ ಕೂತು ಅರ್ಧ ಓದಿಬಿಟ್ಟೆ, ನನ್ನ ಮಗಳು ಶಾಲೇಲಿ ಏನು ಓದ್ತಾಳೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ ಮೊದಲು.

ಸೇರಿಸಿದ ದಿನ ಇಂಗ್ಲಿಷ್ ಮೇಡಂ ಒಂದು ಮಾತು ಹೇಳಿದ್ರು. ಇವಳು ಎಷ್ಟು ದಿನ ಬೇಕಾದ್ರೂ ಸುಮ್ನೆ ಇರ್ಲಿ, ನಾವು ಬಲವಂತ ಮಾಡಲ್ಲ, ಹೊಸ ಭಾಷೆ ಕಲಿಯೋ ಮಗು ಮೊದಲು ತುಂಬಾ ದಿನ ಬರೀ ಕೇಳಿಸ್ಕೊಳ್ಳುತ್ತೆ, ಬಾಯಿ ಸುಮ್ನಿದ್ರೂ ಒಳಗೆ ಕೆಲಸ ನಡೀತಾ ಇರುತ್ತೆ, ನೀವೂ ಮನೇಲಿ ಎಲ್ಲಿ ಒಂದು ಇಂಗ್ಲಿಷ್ ಪದ್ಯ ಹೇಳು ಅಂತ ನೆಂಟರ ಮುಂದೆ ನಿಲ್ಲಿಸಬೇಡಿ ಅಂದ್ರು. ನನಗೆ ಕಣ್ಣಲ್ಲಿ ನೀರು ಬಂತು. ಹಳೇ ಶಾಲೇಲಿ ಅದೇ ಸುಮ್ನಿರೋದಕ್ಕೆ ಡಾಕ್ಟರಿಗೆ ತೋರಿಸಿ ಅಂದಿದ್ರು, ಇಲ್ಲಿ ಅದು ಕಲಿಯೋದರಲ್ಲಿ ಒಂದು ಹಂತ ಅಂದ್ರು.

ಮೇಡಂ ಬೆಂಗಳೂರಲ್ಲಿ ಜ್ಞಾನಭಾರತಿ ಆವರಣದಲ್ಲಿರೋ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೇಲಿ ಒಂದು ತಿಂಗಳ ಟ್ರೇನಿಂಗ್ ಮಾಡ್ಕೊಂಡು ಬಂದವರು. ಅದು 1963ರಿಂದ ಇರೋ ಸಂಸ್ಥೆಯಂತೆ, ಟೀಚರುಗಳಿಗೆ ಇಂಗ್ಲಿಷ್ ಹೆಂಗೆ ಕಲಿಸ್ಬೇಕು ಅಂತ ಹೇಳಿಕೊಡೋಕೆ ಅಂತಲೇ ಇರೋದು. ಒಂದು ಸಲ ಪೋಷಕರ ಸಭೇಲಿ ಅವರು ಕೆನಡಾದ ಜಿಮ್ ಕಮಿನ್ಸ್ ಅನ್ನೋ ಪ್ರೊಫೆಸರ್ ಬಗ್ಗೆ ಹೇಳಿದ್ರು. ಹೊಸ ಭಾಷೇಲಿ ಆಟ ಆಡ್ಕೊಂಡು ಮಾತಾಡೋದು ಬರೋಕೆ ಮಕ್ಕಳಿಗೆ ಸುಮಾರು ಎರಡು ವರ್ಷ ಬೇಕು, ಆದ್ರೆ ಆ ಭಾಷೇಲಿ ಪಾಠ ಓದಿ ಅರ್ಥ ಮಾಡ್ಕೊಂಡು ಬರೆಯೋ ಮಟ್ಟಕ್ಕೆ ಬರೋಕೆ ಐದರಿಂದ ಏಳು ವರ್ಷ ಹಿಡಿಯುತ್ತೆ ಅಂತ ಅವರು ತೋರಿಸಿದ್ರಂತೆ, ಅದೂ ಸುತ್ತಮುತ್ತ ಎಲ್ಲಾ ಇಂಗ್ಲಿಷ್ ಇರೋ ದೇಶಕ್ಕೆ ಬಂದ ಮಕ್ಕಳನ್ನ ನೋಡಿ. ನಮ್ಮ ಮಕ್ಕಳಿಗೆ ಶಾಲೆ ಬಿಟ್ರೆ ಕಿವಿಗೆ ಇಂಗ್ಲಿಷ್ ಬೀಳೋದೇ ಕಮ್ಮಿ, ಹಂಗಾಗಿ ಆರು ತಿಂಗಳಿಗೆ ಯಾಕೆ ಮಾತಾಡ್ತಿಲ್ಲ ಅಂತ ಕೇಳಬೇಡಿ ಅಂದ್ರು. ಮೂರು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಅಂತ ಸಂಜಯ ಸರ್ಕಲ್ ಹತ್ರ ಬ್ಯಾನರ್ ನೋಡಿ ನೋಡಿ ನಮ್ಮ ತಲೆ ಕೆಟ್ಟಿರುತ್ತೆ, ಒಬ್ಬರು ಟೀಚರ್ ಧೈರ್ಯವಾಗಿ ವರ್ಷಗಳ ಲೆಕ್ಕ ಹೇಳಿದ್ದು ನನಗೆ ನಂಬಿಕೆ ಬರಕ್ಕೆ ಒಂದು ಕಾರಣ.

ಕ್ಲಾಸು ಹೆಂಗಿರುತ್ತೆ ಅಂತ ಹೇಳ್ತೀನಿ, ನಾನು ನಾಲ್ಕೈದು ಸಲ ಒಳಗೆ ಕೂತು ನೋಡಿದ್ದೀನಿ, ಬೇಡ ಅನ್ನಲ್ಲ ಅವರು. ಒಂದರಿಂದ ಮೂರು ನಲಿಕಲಿ, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರ್ತಾರೆ, ಒಂದೊಂದು ಗುಂಪಿಗೆ ತಟ್ಟೆ ಅಂತಾರೆ, ಒಂದು ತಟ್ಟೇಲಿ ಟೀಚರೇ ಪೂರ್ತಿ ಹೇಳಿಕೊಡ್ತಾರೆ, ಇನ್ನೊಂದರಲ್ಲಿ ಗೊತ್ತಿರೋ ಮಗು ಗೊತ್ತಿಲ್ದಿರೋ ಮಗೂಗೆ ಹೇಳಿಕೊಡುತ್ತೆ, ಕೊನೇದರಲ್ಲಿ ಮಗು ತಾನೇ ಮಾಡ್ಕೊಳ್ಳುತ್ತೆ. ಗೋಡೆ ಕೆಳಗಡೆ ಮಕ್ಕಳ ಎತ್ತರಕ್ಕೇ ಕರಿಹಲಗೆ, ಮೇಲೆ ದಾರಕ್ಕೆ ಅವರು ಬರೆದಿದ್ದೆಲ್ಲಾ ನೇತು ಹಾಕಿರ್ತಾರೆ, ಕಲಿಕಾ ಚಪ್ಪರ ಅದು. ಈ ನಲಿಕಲಿ ಶುರುವಾಗಿದ್ದು ನಮ್ಮ ಪಕ್ಕದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೇಲಿ, 1995ರಲ್ಲಿ, ಯುನಿಸೆಫ್ ಸಹಾಯದಿಂದ. ಕಾಡಂಚಿನ ಶಾಲೆಗಳ ಟೀಚರುಗಳು ಸೇರಿ ಕಟ್ಟಿದ್ದು ಇಡೀ ರಾಜ್ಯಕ್ಕೆ ಹೋಯ್ತು ಅಂತ ತಿಳಿದಾಗ ನನಗೆ ಹೆಮ್ಮೆ ಅನ್ನಿಸ್ತು.

ಈಗ ಇಂಗ್ಲಿಷ್ ವಿಷಯ. ನಮ್ಮ ಕಡೆ ಹ ಅನ್ನೋ ಅಕ್ಷರ ಬಾಯಲ್ಲಿ ನಿಲ್ಲಲ್ಲ, ಹಾಲು ಆಲು ಆಗುತ್ತೆ, ಹಣ್ಣು ಅಣ್ಣು ಆಗುತ್ತೆ. ಅದೇ ಬಾಯಲ್ಲಿ ಹೌಸ್ ಅನ್ನೋದು ಅವ್ಸ್ ಆಗುತ್ತೆ, ಹೇರ್ ಅಂದ್ರೆ ಕೂದಲು ಅದು ಏರ್ ಆಗಿ ಗಾಳಿ ಆಗಿಬಿಡುತ್ತೆ, ಹೀಟು ಈಟು ಒಂದೇ ಆಗಿಬಿಡುತ್ತೆ. ಹಳೇ ಶಾಲೇಲಿ ಇದಕ್ಕೆ ಮಕ್ಕಳೆಲ್ಲಾ ನಗ್ತಿದ್ರಂತೆ. ಈ ಮೇಡಂ ಏನು ಮಾಡ್ತಾರೆ ಅಂದ್ರೆ ಪ್ರತಿ ಮಗೂಗೂ ಒಂದು ತೆಳ್ಳನೆ ಕಾಗದದ ಚೂರು ಕೊಡ್ತಾರೆ, ಬಾಯಿ ಮುಂದೆ ಹಿಡ್ಕೊಂಡು ಹೇರ್ ಅನ್ಬೇಕು, ಕಾಗದ ಅಲ್ಲಾಡಿದ್ರೆ ಹ ಬಂತು ಅಂತ, ಏರ್ ಅಂದ್ರೆ ಅಲ್ಲಾಡಲ್ಲ. ಮಕ್ಕಳಿಗೆ ಅದು ಆಟ. ನನ್ನ ಮಗಳು ಮನೆಗೆ ಬಂದು ಅತ್ತೆ ಬಾಯಿ ಮುಂದೆ ಕಾಗದ ಹಿಡಿದು ಅಜ್ಜಿ ಹಾಲು ಅನ್ನಿ ಅಂತಾಳೆ. ಅತ್ತೆ ಆಲು ಅಂತಾರೆ, ನಿನ್ನ ಇಸ್ಕೂಲ್ಗೆ ಬೇಕಾದ್ರೆ ಅದು, ನಮ್ಮಟ್ಟೀಲಿ ಆಲೇ ಅಂತಾರೆ. ಮೇಡಂಗೆ ಹೇಳಿದೆ, ಅಜ್ಜಿ ಸರಿಯಾಗೇ ಹೇಳಿದ್ದಾರೆ, ಅದು ಅವರ ಕನ್ನಡ, ತಿದ್ದಕ್ಕೆ ಹೋಗ್ಬೇಡಿ ಅಂದ್ರು.

ಇನ್ನೊಂದು ಬಾಲ ಕತ್ತರಿಸೋ ಆಟ. ಕನ್ನಡದಲ್ಲಿ ಪದ ಯಾವಾಗ್ಲೂ ಸ್ವರದಲ್ಲಿ ಮುಗಿಯುತ್ತಲ್ಲ, ಅದಕ್ಕೆ ಹೊರಗಿಂದ ಬಂದ ಪದಕ್ಕೂ ನಾವು ಒಂದು ಉ ಸೇರಿಸ್ತೀವಿ, ಬಸ್ಸು, ಪೆನ್ನು, ಬುಕ್ಕು, ಕಾರು. ಸ್ಕೂಲ್ ಅಂತೂ ಮುಂದೆ ಇ ಹಿಂದೆ ಉ ಸೇರಿ ಇಸ್ಕೂಲು. ಇದು ತಪ್ಪು ಅಂತ ಒಂದು ದಿನವೂ ಆ ಮೇಡಂ ಹೇಳಿಲ್ಲ. ಕನ್ನಡ ಮಾತಾಡುವಾಗ ಬಸ್ಸು ಸರಿ, ಇಂಗ್ಲಿಷ್ ಮಾತಾಡುವಾಗ ಬಾಲ ಕತ್ತರಿಸಿ ಬಸ್ ಅನ್ಬೇಕು ಅಂತಾರೆ. ಮಕ್ಕಳು ಎರಡು ಬೆರಳಲ್ಲಿ ಕತ್ತರಿ ಮಾಡಿ ಚಕ್ ಅಂತಾರೆ. ವಾಕ್ಯಕ್ಕೂ ಹಂಗೇ ಒಂದು ಆಟ ಇದೆ, ಮೂರು ಮಕ್ಕಳು ಮೂರು ಕಾರ್ಡ್ ಹಿಡ್ಕೊಂಡು ನಿಂತ್ಕೊಳ್ತಾರೆ, ನಾನು, ಮಾವಿನಹಣ್ಣು, ತಿಂತೀನಿ ಅಂತ. ಮೇಡಂ ಇಂಗ್ಲಿಷ್ ಅಂದ ತಕ್ಷಣ ತಿಂತೀನಿ ಅನ್ನೋ ಮಗು ಓಡಿಬಂದು ಮಧ್ಯದಲ್ಲಿ ನಿಂತ್ಕೊಳ್ಬೇಕು, ಐ ಈಟ್ ಮ್ಯಾಂಗೋ. ಟೇಬಲ್ ಮೇಲೆ ಅನ್ನೋದರಲ್ಲಿ ಹಿಂದೆ ಇರೋ ಮೇಲೆ ಇಂಗ್ಲಿಷಿಗೆ ಮುಂದೆ ಬಂದು ಆನ್ ಆಗುತ್ತೆ. ಹತ್ತನೇ ಕ್ಲಾಸವರೆಗೆ ಓದಿದ ನನಗೆ ಯಾರೂ ಇದನ್ನ ಹಿಂಗೆ ಹೇಳಿಕೊಟ್ಟಿರ್ಲಿಲ್ಲ, ಇಂಗ್ಲಿಷಲ್ಲಿ ಪದ ಯಾಕೆ ಅಡ್ಡಾದಿಡ್ಡಿ ಇರುತ್ತೆ ಅಂತ ಆಗ ಬೇಜಾರು ಮಾಡ್ಕೊತಿದ್ದೆ, ಅವರ ಮನೆ ಕಟ್ಟೋ ಕ್ರಮವೇ ಬೇರೆ ಅಂತ ಈಗ ಗೊತ್ತಾಯ್ತು.

ಅಕ್ಷರಕ್ಕಿಂತ ಮೊದಲು ಶಬ್ದ ಕಲಿಸ್ತಾರೆ. ಇಂಗ್ಲಿಷಲ್ಲಿ ಅಕ್ಷರ 26, ಶಬ್ದ 44ರ ಹತ್ರ ಇದಾವಂತೆ, ಕನ್ನಡದಂಗೆ ಬರೆದಿದ್ದನ್ನ ಹಂಗೇ ಓದಕ್ಕಾಗಲ್ಲ. ಅದಕ್ಕೆ ಸಿ ಅನ್ನೋದು ಕ್ಯಾಟಲ್ಲಿ ಕ ಆಗಿ ಸಿಟೀಲಿ ಸ ಆಗೋದನ್ನ ಚಿತ್ರ ತೋರಿಸಿ ನಿಧಾನವಾಗಿ ಹೇಳ್ತಾರೆ.

ನನ್ನ ಮಗಳು ಮೊದಲ ಸಲ ಕ್ಲಾಸಲ್ಲಿ ಇಂಗ್ಲಿಷಲ್ಲಿ ಬಾಯಿ ಬಿಟ್ಟಿದ್ದು ಸೇರಿ ಐದು ತಿಂಗಳಾದ ಮೇಲೆ, ದೀಪಾವಳಿ ರಜ ಮುಗಿದ ಮೇಲಿನ ವಾರ. ಅದು ಆಗಿದ್ದು ಅತ್ತೆಯಿಂದ. ಮನೇಲಿ ಯಾರಿಗಾದ್ರೂ ಒಗಟು ಗೊತ್ತಿದ್ರೆ ಕೇಳ್ಕೊಂಡು ಬನ್ನಿ ಅಂತ ಮೇಡಂ ಹೇಳಿದ್ರಂತೆ. ಅತ್ತೆ ಒಗಟಿನ ಕಣಜ. ಅಂಗಡಿಯಿಂದ ತರೋದು, ಮುಂದಿಟ್ಕೊಂಡು ಅಳೋದು ಅಂತ ಒಂದು ಹೇಳಿಕೊಟ್ರು, ಎಲ್ಲರಿಗೂ ಗೊತ್ತಿರೋದೇ, ಈರುಳ್ಳಿ. ಕ್ಲಾಸಲ್ಲಿ ಕನ್ನಡದಲ್ಲಿ ಹೇಳಿದ್ಳು, ಮಕ್ಕಳು ಉತ್ತರ ಹೇಳಿದ್ರು, ಆಮೇಲೆ ಮೇಡಂ ಇದನ್ನ ಇಂಗ್ಲಿಷಲ್ಲಿ ಹೆಂಗೆ ಕೇಳೋದು ಅಂತ ಎಲ್ಲರನ್ನೂ ಕೇಳಿದ್ರೆ ಇವಳೇ ಎದ್ದು ನಿಂತು ವಿ ಬ್ರಿಂಗ್ ಫ್ರಮ್ ಶಾಪ್, ವಿ ಕ್ರೈ ಅಂದ್ಳಂತೆ. ಮೇಡಂ ಸಂಜೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳಿಸಿ ಹೇಳಿದ್ರು. ನಾನು ಮಿಷನ್ ನಿಲ್ಲಿಸಿ ಅದನ್ನ ನಾಲ್ಕು ಸಲ ಕೇಳ್ದೆ. ಅತ್ತೆಗೂ ಕೇಳಿಸ್ದೆ.

ಈ ವಾಯ್ಸ್ ಮೆಸೇಜ್ ಬಗ್ಗೆ ಪ್ರತ್ಯೇಕವಾಗಿ ಹೇಳ್ಲೇಬೇಕು. ಶಾಲೆಯಿಂದ ಏನೇ ವಿಷಯ ಇದ್ರೂ ಕನ್ನಡದಲ್ಲಿ ಮಾತಾಡಿ ಗ್ರೂಪಿಗೆ ಹಾಕ್ತಾರೆ, ಓದಕ್ಕೆ ಬರದವರಿಗೂ ಗೊತ್ತಾಗ್ಲಿ ಅಂತ. ಉರ್ದು ಮಾತಾಡೋ ನಾಲ್ಕು ಮನೆಗಳಿವೆ, ಅವರಿಗೆ ಇನ್ನೊಬ್ಬ ಟೀಚರ್ ಉರ್ದೂಲಿ ಹೇಳಿ ಹಾಕ್ತಾರೆ. ನಮ್ಮ ದೊಡ್ಡಪ್ಪನ ಮಗಳು ಅಮೆರಿಕದಲ್ಲಿ ಡಲ್ಲಾಸ್ ಹತ್ರ ಇದ್ದಾಳೆ, ಅವಳ ಮಗನಿಗೆ ಕನ್ನಡ ಬಿಟ್ರೆ ಏನೂ ಬರ್ತಿರ್ಲಿಲ್ಲ ಸೇರಿಸಿದಾಗ. ಅಲ್ಲಿ ಅಡ್ಮಿಷನ್ನಲ್ಲೇ ಮನೇಲಿ ಯಾವ ಭಾಷೆ ಮಾತಾಡ್ತೀರಿ ಅಂತ ಒಂದು ಫಾರಂ ಕೊಡ್ತಾರಂತೆ, ಇಂಗ್ಲಿಷ್ ಅಲ್ಲ ಅಂದ್ರೆ ಮಗೂಗೆ ಎಷ್ಟು ಇಂಗ್ಲಿಷ್ ಬರುತ್ತೆ ಅಂತ ನೋಡಿ ಬೇಕಾದಷ್ಟು ಸಹಾಯ ಕೊಡ್ಬೇಕು, ತಾಯಿ ತಂದೆಗೆ ಅರ್ಥ ಆಗೋ ಭಾಷೇಲಿ ವಿಷಯ ತಿಳಿಸ್ಬೇಕು, ಅದು ಅಲ್ಲಿ ಕಾನೂನು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮನೆತನದ ಮಕ್ಕಳ ಕೇಸಲ್ಲಿ, ಲಾವ್ ವರ್ಸಸ್ ನಿಕಲ್ಸ್ ಅಂತ, ಅವರ ಸುಪ್ರೀಂ ಕೋರ್ಟು ಹೇಳಿದ್ದು ಏನು ಅಂದ್ರೆ ಎಲ್ಲರಿಗೂ ಒಂದೇ ಪುಸ್ತಕ ಒಂದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ, ಭಾಷೇನೇ ಅರ್ಥ ಆಗ್ದಿರೋ ಮಗೂಗೆ ಅಲ್ಲಿ ಏನೂ ಸಿಗಲ್ಲ ಅಂತ. ಅಕ್ಕ ಇದನ್ನ ಫೋನಲ್ಲಿ ಹೇಳ್ತಿದ್ರೆ ನನಗೆ ಆ ಮೆಡಿಕಲ್ ಸ್ಟೋರೇ ಕಣ್ಣ ಮುಂದೆ ಬಂತು. ಅವಳ ಮಗನಿಗೆ ಸಿಕ್ಕಿದ್ದು ನಮ್ಮ ಮಂಡ್ಯದಲ್ಲಿ, ಕಾನೂನು ಹೇಳ್ದೇ ಇದ್ರೂ, ಒಬ್ಬರು ಮೇಡಂ ಮನಸ್ಸು ಮಾಡಿದ್ದರಿಂದ ನನ್ನ ಮಗಳಿಗೆ ಸಿಕ್ಕಿದೆ.

ಶನಿವಾರ ಮಾರ್ನಿಂಗ್ ಕ್ಲಾಸಲ್ವಾ, ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಮ್ಮಂದಿರ ಕ್ಲಾಸು. ಒಂದು ರೂಪಾಯಿ ತಗೊಳಲ್ಲ. ಮೊದಲ ದಿನ ಹದಿನಾಲ್ಕು ಜನ ಹೋಗಿದ್ವಿ, ಎಲ್ಲರೂ ಹಿಂದಿನ ಬೆಂಚಲ್ಲಿ ಕೂತ್ವಿ. ಮೇಡಂ ಬೋರ್ಡಲ್ಲಿ ಏನೂ ಬರೀಲಿಲ್ಲ, ನಿಮಗೆ ಆಗ್ಲೇ ಗೊತ್ತಿರೋ ಇಂಗ್ಲಿಷ್ ಪದ ಹೇಳಿ ಅಂದ್ರು. ನಮಗೇನೂ ಬರಲ್ಲ ಮೇಡಂ ಅಂದ್ವಿ ಎಲ್ಲರೂ. ನೀವು ಏನು ಕೆಲಸ ಮಾಡ್ತೀರಿ ಅಂತ ನನ್ನ ಕೇಳಿದ್ರು, ಬ್ಲೌಸ್ ಹೊಲೀತೀನಿ ಅಂದೆ, ಅಳತೆ ತಗೊಳ್ಳೋದು ಹೇಳಿ ಅಂದ್ರು. ಶೋಲ್ಡರು, ಚೆಸ್ಟು, ವೇಸ್ಟು, ಆರ್ಮ್‌ಹೋಲು, ಸ್ಲೀವು, ನೆಕ್ಕು, ಲೆಂತು, ಲೈನಿಂಗು, ಹುಕ್ಕು, ಪೈಪಿಂಗು, ಪ್ರಿನ್ಸೆಸ್ ಕಟ್ಟು, ಬೋಟ್ ನೆಕ್ಕು, ಹೇಳ್ತಾ ಹೋದೆ, ಅವರು ಬರೀತಾ ಹೋದ್ರು, ಮೂವತ್ತು ದಾಟ್ತು. ಗಾರ್ಮೆಂಟ್ಸಿಗೆ ಹೋಗೋ ಅಕ್ಕ ಒಬ್ಬರು ಬಾಬಿನ್ನು, ಟಾರ್ಗೆಟ್ಟು, ಓವರ್ ಟೈಮು, ಪಿಎಫ್ಫು ಅಂದ್ರು, ಹೊಲ ಇರೋರು ಡ್ರಿಪ್ಪು, ಬೋರು, ಮೋಟ್ರು, ಸ್ಟಾರ್ಟ್ರು, ಯೂರಿಯಾ. ಗಂಟೆ ಮುಗಿಯೋದರೊಳಗೆ ಬೋರ್ಡ್ ತುಂಬಿಹೋಗಿತ್ತು. ಇದೆಲ್ಲಾ ಇಂಗ್ಲಿಷೇ, ಬಾಲ ಕತ್ತರಿಸಿದ್ರೆ ಆಯ್ತು ಅಂದ್ರು. ನಾವು ಹದಿನಾಲ್ಕು ಜನ ಹೆಂಗಸರು ಬೆರಳಲ್ಲಿ ಕತ್ತರಿ ಮಾಡಿ ಚಕ್ ಅಂದ್ವಿ. ಆಮೇಲೆ ಯಾರೂ ಹಿಂದಿನ ಬೆಂಚಿಗೆ ಹೋಗ್ಲಿಲ್ಲ.

ಆಮೇಲಿನ ವಾರಗಳಲ್ಲಿ ನಮಗೆ ಬೇಕಾಗಿದ್ದನ್ನೇ ಕಲಿಸಿದ್ರು. ಮಾತ್ರೆ ಚೀಟಿ ಓದೋದು, ಊಟಕ್ಕೆ ಮುಂಚೆನೋ ಆಮೇಲೋ. ಬ್ಯಾಂಕಿಂದ ಬರೋ ಮೆಸೇಜಲ್ಲಿ ಕ್ರೆಡಿಟೆಡ್ ಯಾವುದು ಡೆಬಿಟೆಡ್ ಯಾವುದು. ಅಂಕಪಟ್ಟಿ, ಮಗುವಿನ ಆಧಾರಲ್ಲಿ ಸ್ಪೆಲಿಂಗ್ ಸರಿ ಇದ್ಯಾ ನೋಡೋದು. ನಮ್ಮ ಗುಂಪಲ್ಲಿ ಒಬ್ಬರ ಮಗನ ಹೆಸರು ಆಧಾರಲ್ಲಿ ಒಂಥರ ಶಾಲೇಲಿ ಒಂಥರ ಇದ್ದಿದ್ದು ಗೊತ್ತಾಗಿದ್ದೇ ಆ ದಿನ, ತಕ್ಷಣ ಸರಿ ಮಾಡಿಸ್ಕೊಂಡ್ರು.

ಆದ್ರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಅನ್ನಿಸಿದ್ದು ಮನೆ ಮಾತಿನ ಬಗ್ಗೆ ಅವರು ಹೇಳಿದ್ದು. ನಮ್ಮಲ್ಲಿ ತುಂಬಾ ಜನ ಮಗೂಗೆ ಇಂಗ್ಲಿಷ್ ಬರ್ಲಿ ಅಂತ ಮನೇಲಿ ಕಮ್, ಸಿಟ್, ಈಟ್, ಡೋಂಟ್ ಡೂ ಅಂತ ಮಾತಾಡ್ತೀವಿ, ನಾನೂ ಮೂರು ವರ್ಷ ಅದನ್ನೇ ಮಾಡಿದ್ದೆ. ಮೇಡಂ ಕೇಳಿದ್ರು, ಇಡೀ ದಿನ ಮಗು ನಿಮ್ಮ ಬಾಯಿಂದ ಕೇಳೋದು ಬಾ, ಕೂತ್ಕೋ, ತಿನ್ನು, ಬೇಡ ಇಷ್ಟೇ ಆದ್ರೆ ಅದಕ್ಕೆ ಯೋಚನೆ ಮಾಡೋದಕ್ಕೆ ಏನು ಸಿಗುತ್ತೆ, ಕನ್ನಡದಲ್ಲಾದ್ರೆ ನೀವು ಯಾಕೆ, ಹೆಂಗೆ, ಮುಂದೇನಾಯ್ತು ಎಲ್ಲಾ ಹೇಳ್ತೀರಿ, ಜಗಳ ಆಡ್ತೀರಿ, ಕಥೆ ಹೇಳ್ತೀರಿ, ಅದು ತಲೇಲಿ ಇದ್ರೆ ಇಂಗ್ಲಿಷ್ ಪದ ಸಿಕ್ಕಾಗ ಅಂಟಿಕೊಳ್ಳೋಕೆ ಒಂದು ಜಾಗ ಇರುತ್ತೆ ಅಂದ್ರು. ನಾನು ಅವತ್ತಿಂದ ಮಗಳ ಹತ್ರ ಕನ್ನಡದಲ್ಲೇ ಮನಸು ಬಿಚ್ಚಿ ಮಾತಾಡ್ತೀನಿ. ಮೂರು ವರ್ಷ ನನ್ನ ಮಗಳ ಹತ್ರ ನಾನು ಸರಿಯಾಗಿ ಮಾತೇ ಆಡಿರ್ಲಿಲ್ಲ ಅಂತ ಈಗ ಅನ್ನಿಸುತ್ತೆ, ಆ ಸಂಕಟ ನನಗೆ ಇದ್ದೇ ಇದೆ.

ಹೋಂವರ್ಕಿಗೂ ಒಂದು ದಾರಿ ಹೇಳಿದ್ದಾರೆ. ನೀವು ಕಲಿಸಬೇಡಿ, ಮಗು ಹತ್ರ ನೀವೇ ಕಲೀರಿ ಅಂತ. ರಾತ್ರಿ ಊಟ ಆದ್ಮೇಲೆ ಅವಳು ಟೀಚರು, ನಾನು ಅತ್ತೆ ವಿದ್ಯಾರ್ಥಿಗಳು. ಹೇಳಿಕೊಡಕ್ಕೋಸ್ಕರ ಅವಳು ಕ್ಲಾಸಲ್ಲಿ ಇನ್ನೂ ಗಮನ ಇಟ್ಟು ಕೇಳ್ತಾಳೆ. ಕಥೆಗೆ ಸ್ಟೋರಿವೀವರ್ ಅಂತ ಪ್ರಥಮ್ ಬುಕ್ಸಿನವರದು ಇದೆ, 2015ರಿಂದ ಇರೋದು, ಫೋನಲ್ಲೇ ಫ್ರೀಯಾಗಿ ಕಥೆ ಪುಸ್ತಕ ಸಿಗುತ್ತೆ, ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಲ್ಲೂ ಇರೋವು ಬೇಕಾದಷ್ಟಿವೆ, ಮೊದಲು ಕನ್ನಡದಲ್ಲಿ ನಾನು ಓದ್ತೀನಿ, ಮಾರನೇ ದಿನ ಅದೇ ಚಿತ್ರ ನೋಡ್ಕೊಂಡು ಅವಳು ಇಂಗ್ಲಿಷಲ್ಲಿ ಓದ್ತಾಳೆ. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ದೀಕ್ಷಾ ಆಪಲ್ಲಿ ಸ್ಕ್ಯಾನ್ ಮಾಡಿದ್ರೆ ಪಾಠದ ವಿಡಿಯೋ ಬರುತ್ತೆ. ಅದನ್ನೂ ಶನಿವಾರವೇ ಹೇಳಿಕೊಟ್ಟಿದ್ದು.

ಒಂದು ಮಗು ವಿಷಯ ಹೇಳ್ದೆ ಇದ್ರೆ ತಪ್ಪಾಗುತ್ತೆ. ಕಬ್ಬಿನ ಸೀಸನ್ನಿಗೆ ನಮ್ಮ ಕಡೆ ಆಲೆಮನೆಗಳಿಗೆ ಉತ್ತರ ಪ್ರದೇಶದ ಕಡೆಯಿಂದ ಕೆಲಸದವರು ಬರ್ತಾರಲ್ಲ, ಅಂಥ ಒಂದು ಸಂಸಾರದ ಹುಡುಗ ಹೋದ ವರ್ಷ ಎರಡನೇ ಕ್ಲಾಸಿಗೆ ಬಂದ. ಟೀಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ. ಶಿಕ್ಷಣ ಹಕ್ಕು ಕಾಯ್ದೇಲಿ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನ ವಾಪಸ್ ಕಳಿಸಂಗಿಲ್ಲ ಅಂತ ಇದೆ, ಹೆಡ್ ಮಾಸ್ಟ್ರು ಅದನ್ನೇ ಹೇಳಿ ಸೇರಿಸ್ಕೊಂಡ್ರು. ಆ ಹುಡುಗನಿಗೆ ಕನ್ನಡವೂ ಹೊಸದು ಇಂಗ್ಲಿಷೂ ಹೊಸದು, ಎರಡು ಬೆಟ್ಟ ಒಟ್ಟಿಗೆ ಹತ್ತಬೇಕು. ಮೇಡಂ ಅವನ ಪಕ್ಕ ನನ್ನ ಮಗಳನ್ನ ಕೂರಿಸಿದ್ರು, ಮಾತಾಡದೆ ಕೂರೋದು ಏನು ಅಂತ ಅವಳಿಗೆ ಗೊತ್ತಲ್ಲ ಅಂತ. ಪಾನಿ ನೀರು ವಾಟರ್ ಅಂತ ಮೂರು ಭಾಷೇಲಿ ಚಿತ್ರ ಬರ್ದು ಇಬ್ಬರೂ ಸೇರಿ ಒಂದು ಪುಸ್ತಕ ಮಾಡಿದ್ರು, ಅದು ಈಗಲೂ ಕಲಿಕಾ ಚಪ್ಪರದಲ್ಲಿ ನೇತಾಡ್ತಿದೆ. ಅವರಮ್ಮ ಒಂದೆರಡು ಶನಿವಾರ ಬಂದು ಕೂತ್ರು, ಅವರು ರೋಟಿ ಮಾಡೋದು ಹೇಳಿಕೊಟ್ರು ನಾವು ಮುದ್ದೆ ತೊಳಸೋದು. ಸೀಸನ್ ಮುಗಿದು ಅವರು ಊರಿಗೆ ಹೋದ ಮೇಲೆ ನನ್ನ ಮಗಳು ಒಂದು ವಾರ ಮಂಕಾಗಿದ್ಳು.

ಈಗ ಅರ್ಧ ಸ್ಟಾರ್ ವಿಷಯ. ಒಂದನೇದು, ಶನಿವಾರ ಮಧ್ಯಾಹ್ನ ಅಂದ್ರೆ ಗಾರ್ಮೆಂಟ್ಸಿಗೆ ಹೋಗೋರಿಗೆ ಬರಕ್ಕಾಗಲ್ಲ, ಅವರಿಗೆ ರಜ ಭಾನುವಾರ ಮಾತ್ರ. ಮೊದಲ ದಿನ ಟಾರ್ಗೆಟ್ಟು ಅಂತ ಹೇಳಿದ ಆ ಅಕ್ಕ ಅವತ್ತು ರಜ ಹಾಕಿ ಬಂದಿದ್ದು, ಆಮೇಲೆ ಎರಡೇ ಸಲ ಬರಕ್ಕಾಗಿದ್ದು. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ, ಮೀಟಿಂಗಲ್ಲಿ ನಾನೇ ಎದ್ದು ಹೇಳಿದ್ದೀನಿ, ತಿಂಗಳಿಗೆ ಒಂದು ಭಾನುವಾರ ಮಾಡೋಣ ಅಂತ ಮಾತಾಗಿದೆ, ಇನ್ನೂ ಶುರುವಾಗಿಲ್ಲ. ಎರಡನೇದು, ಅಪ್ಪಂದಿರು ಬರಲ್ಲ. ಅಮ್ಮಂದಿರ ಕ್ಲಾಸು ಅಂತ ಹೆಸರಿಟ್ಟಿದ್ದೇ ತಪ್ಪೇನೋ, ಮನೆ ಮಂದಿ ಕ್ಲಾಸು ಅಂತ ಇಡ್ಬೇಕಿತ್ತು. ಮೂರನೇದು ನನಗೆ ನಿದ್ದೆ ಕೆಡಿಸೋದು, ಇದೆಲ್ಲಾ ನಿಂತಿರೋದು ಒಬ್ಬರ ಮೇಲೆ. ಮೇಡಂಗೆ ನಾಳೆ ವರ್ಗ ಆದ್ರೆ ಶನಿವಾರ ಏನಾಗುತ್ತೆ ಅಂತ ಯಾರ ಹತ್ರವೂ ಉತ್ತರ ಇಲ್ಲ. ಅವರು ಮಾಡಿರೋ ಕಾರ್ಡು, ಪದದ ಪಟ್ಟಿ ಎಲ್ಲಾ ಒಂದು ಫೈಲ್ ಮಾಡಿ ಶಾಲೇಲಿ ಇಡಿ ಅಂತ ಕೇಳಿದ್ದೀವಿ, ನಾವು ನಾಲ್ಕು ಜನ ಅಮ್ಮಂದಿರು ಕೂತು ನಕಲು ಮಾಡ್ಕೊಡ್ತಿದ್ದೀವಿ.

ಮಗಳು ಇಂಗ್ಲಿಷ್ ಓದೋದು ಮಾತಾಡೋದು ಚೆನ್ನಾಗಿದೆ, ಬರೆಯೋದು ಹಿಂದಿದೆ, ಅದನ್ನೂ ಹೇಳ್ಬೇಕು. ಸ್ಪೆಲಿಂಗಲ್ಲಿ ನಮ್ಮ ಬೀದಿಯ ಬೇರೆ ಶಾಲೆ ಮಕ್ಕಳು ಮುಂದಿದ್ದಾರೆ. ಆದ್ರೆ ಅವಳು ಓದಿದ್ದರ ಅರ್ಥ ಕೇಳಿದ್ರೆ ಕನ್ನಡದಲ್ಲಿ ಬಿಡಿಸಿ ಹೇಳ್ತಾಳೆ, ಗೊತ್ತಾಗ್ದೇ ಇದ್ರೆ ಗೊತ್ತಾಗ್ಲಿಲ್ಲ ಅಂತ ಕೈ ಎತ್ತಿ ಕೇಳ್ತಾಳೆ. ನನಗೆ ಸದ್ಯಕ್ಕೆ ಅದು ಸ್ಪೆಲಿಂಗಿಗಿಂತ ದೊಡ್ಡದು.

ನಿಮ್ಮ ಮಗೂನ ಸೇರಿಸೋದಿದ್ರೆ ಮೇ ಕೊನೆ ಹೊತ್ತಿಗೇ ಹೋಗಿ ವಿಚಾರಿಸಿ. ದ್ವಿಭಾಷಾ ವಿಭಾಗ ಎಲ್ಲಾ ಸರ್ಕಾರಿ ಶಾಲೇಲಿ ಇಲ್ಲ, ಇರೋ ಕಡೆ ಬೇಗ ತುಂಬುತ್ತೆ. ಹೋದಾಗ ಹೆಡ್ ಮಾಸ್ಟ್ರ ರೂಮಲ್ಲಿ ಕೂತು ವಾಪಸ್ ಬರಬೇಡಿ, ಒಂದನೇ ಕ್ಲಾಸು ಎರಡನೇ ಕ್ಲಾಸಿನ ಬಾಗಿಲಲ್ಲಿ ಹತ್ತು ನಿಮಿಷ ನಿಂತ್ಕೊಳ್ಳಿ. ಮಕ್ಕಳು ಕನ್ನಡದಲ್ಲಿ ಪ್ರಶ್ನೆ ಕೇಳಿದ್ರೆ ಟೀಚರ್ ಏನಂತಾರೆ ನೋಡಿ. ಮಾತಾಡದೆ ಕೂತಿರೋ ಮಗು ಇದ್ರೆ ಅದನ್ನ ಹೆಂಗೆ ನೋಡ್ಕೊತಾರೆ ನೋಡಿ. ಡೈರೀಲಿ ಏನಾದ್ರೂ ಬರೆದು ಕಳಿಸೋದಿದ್ರೆ ಯಾವ ಭಾಷೇಲಿ ಬರೀತೀರಿ ಅಂತ ಕೇಳಿ. ನಮ್ಮ ಶಾಲೆ ಶನಿವಾರದ ಕ್ಲಾಸಿಗೆ ಬೇರೆ ಶಾಲೆ ಮಕ್ಕಳ ಅಮ್ಮಂದಿರೂ ಬರಬಹುದು ಅಂತ ಮೇಡಂ ಹೇಳಿದ್ದಾರೆ, ಯಾರಿಗಾದ್ರೂ ಬೇಕಿದ್ರೆ ನನಗೆ ಮೆಸೇಜ್ ಮಾಡಿ, ಸಂಜೆ ಆರು ಗಂಟೆ ಮೇಲೆ ಮಾಡಿ, ಅಲ್ಲಿವರೆಗೂ ಮಿಷನ್ ಮೇಲೆ ಕೂತಿರ್ತೀನಿ.